ಏನು ತಿಂದಿರಿ ಎಂಬ ಕಾಲಂ

ತೆಹುವಾಕಾನಿನ ಆರೋಗ್ಯ ಕೇಂದ್ರದಲ್ಲಿ
ಸಕ್ಕರೆಯವರಿಗೆ ಪುಸ್ತಕ ಕೊಡುವವಳು ನಾನು.
ತೆಳು ರಟ್ಟು, ಮೂರು ಕಾಲಂ:
ತಾರೀಖು. ಸಕ್ಕರೆ. ಏನು ತಿಂದಿರಿ.
ಮೂರನೆಯದನ್ನು ಓದಿ ಬೈಯುವುದೂ
ಸಂಬಳದಲ್ಲೇ ಸೇರಿದೆ.

ಎರ್ಮೆಲಿಂದಾ ಜೀನ್ಸ್ ಕಾರ್ಖಾನೆಯಲ್ಲಿ ಜಿಪ್ ಹೊಲಿಯುತ್ತಾಳೆ.
ಬೆರಳ ತುದಿಗೆ ಹತ್ತಿದ ನೀಲಿ ಯಾವ ಸೋಪಿಗೂ ಬಿಡದು.
ಸೂಜಿ ಚುಚ್ಚಿದರೆ ಆ ನೀಲಿಯೊಳಗಿಂದ
ಕೆಂಪು ಬರುವುದೇ ಒಂದು ಸೋಜಿಗ,
ಪ್ರತಿ ಸಲ.

ಮೊದಮೊದಲು ಒಳ್ಳೆಯ ವಿದ್ಯಾರ್ಥಿನಿ:
೧೧೮. ತೋರ್ತಿಯಾ ಎರಡು, ಕರಿ ಬೀನ್ಸ್.
೧೩೧. ಕಳ್ಳಿಯ ಪಲ್ಯ. ಮೊಟ್ಟೆ ಒಂದು.
ಅಕ್ಷರ ಹೊಲಿಗೆಯ ಹಾಗೆ ನೇರ.

ಮಾರ್ಚಿನಲ್ಲಿ ೨೮೭.
ಮುಂದಿನ ಮನೆ ಖಾಲಿ.
‘ಏನು ತಿಂದೆ?’
‘ಏನೂ ಇಲ್ಲ.’
ಎಲ್ಲರೂ ಹೀಗೇ ಹೇಳುತ್ತಾರೆ; ನನಗೆ ಗೊತ್ತು,
ಮಂಚದಡಿಯ ಕೋಲಾ, ಶಾಲಿನ ಮರೆಯ ಸಿಹಿ ಬ್ರೆಡ್ಡು.
ಬೈದೆ.
ತಲೆ ತಗ್ಗಿಸಿ ಹೋದಳು.

ಮುಂದಿನ ವಾರ ಕಾಲಂ ತುಂಬಿತ್ತು:

೩೦೨. ಮೇಸ್ತ್ರಿಯ ಬೈಗುಳ ತಿಂದೆ, ಎರಡು ಹೊತ್ತು.
೨೬೬. ರಾತ್ರಿಯೆಲ್ಲ ಗೋಡೆ ನೋಡಿದೆ.
೨೯೦. ನರ್ಸಮ್ಮನ ಬೈಗುಳ.
೩೧೪. ಒತೀಲಿಯಾಳ ಶೂ ಸಿಕ್ಕಿತು.

ಒತೀಲಿಯಾ ಯಾರು ಅಂದೆ.
ಅಕ್ಕ. ಪಕ್ಕದ ಮಿಶಿನ್ನಿನವಳು.
ಜನವರಿಯಲ್ಲಿ ಹೋದಳು.
ಮೂರನೆಯ ದಿನಕ್ಕೇ ಆ ಮಿಶಿನ್ನಿಗೆ ಬೇರೆ ಹುಡುಗಿ ಬಂದಳು,
ಒಳ್ಳೆಯ ಹುಡುಗಿ, ಗುನುಗುತ್ತಾಳೆ.

ಮಾತ್ರೆ?
ಮೇಜಿನ ಮೇಲಿತ್ತು.
ನೀರಿನ ಲೋಟ ಅಡುಗೆಮನೆಯಲ್ಲಿತ್ತು.
ಅಷ್ಟು ದೂರ.

ನಮ್ಮ ಮುದುಕಿಯರು ಹೇಳುವುದುಂಟು,
ಈ ಕಾಯಿಲೆ ಬರುವುದು ಸುಸ್ತೋದಿಂದ ಎಂದು.
ಸುಸ್ತೋ ಎಂದರೆ ಬೆಚ್ಚಿಬೀಳುವುದು;
ನಿಮ್ಮ ಕಿವಿಗೆ ಸುಸ್ತು ಎಂದು ಕೇಳಿಸಿದರೆ
ಅದೂ ತಪ್ಪಲ್ಲ.
ತರಬೇತಿಯಲ್ಲಿ ನಾವು ಇದಕ್ಕೆ ನಕ್ಕಿದ್ದೆವು.

ಡಾಕ್ಟರು ನಗಲಿಲ್ಲ. ಬರುವುದು ಬೇರೆ, ಏರುವುದು ಬೇರೆ ಅಂದರು.
ಎದೆ ಬೆಚ್ಚಿದರೆ ಮೈ ಓಡಲು ಎದ್ದು ನಿಲ್ಲುತ್ತದಂತೆ,
ಯಕೃತ್ತು ಉಗ್ರಾಣದ ಬಾಗಿಲು ತೆರೆದು
ದಾರಿಬುತ್ತಿ ಹಂಚುತ್ತದಂತೆ.
ಓಡುವುದೆಲ್ಲಿಗೆ?
ಅವಳು ಸ್ಟೂಲಿನ ಮೇಲೆ ಕೂತೇ ಇದ್ದಾಳೆ
ಜಿಪ್ಪಿನ ಮೇಲೆ ಜಿಪ್ಪು.
ಬುತ್ತಿ ಬಿಚ್ಚುವವರಿಲ್ಲದೆ ರಕ್ತದಲ್ಲೇ
ಹಳಸುತ್ತದೆ.

ಮನಸ್ಸು ಕುಸಿದರೆ ಸಕ್ಕರೆ ಏರುತ್ತದೆ, ಸರಿ,
ಸಕ್ಕರೆ ಏರಿದರೆ ಮನಸ್ಸೂ ಕುಸಿಯುತ್ತದಲ್ಲ,
ಮೊದಲು ಯಾವುದು? ಕೇಳಿದೆ.
ಡಾಕ್ಟರು ಪೆನ್ನಿನ ಮುಚ್ಚಳ ಕಚ್ಚಿ
ಕಿಟಕಿ ನೋಡಿದರು.
ಬುಧವಾರ ಮನೋವೈದ್ಯೆ ಬರುತ್ತಾಳೆ,
ಇವಳ ಹೆಸರೂ ಬರಿ, ಅಂದರು. ಬರೆದೆ.

ಆಮೇಲೆ ಸ್ಕೇಲು ಹುಡುಕಿ
ಪುಸ್ತಕದ ಉದ್ದಕ್ಕೂ ಪೆನ್ಸಿಲಿನಲ್ಲಿ
ಇನ್ನೊಂದು ಗೆರೆ ಎಳೆದೆ. ನಾಲ್ಕನೆಯ ಕಾಲಂ.
ತಲೆಬರಹ ಏನಿಡಲಿ?
ನಿನ್ನನ್ನು ಇವತ್ತು ಏನು ತಿಂದಿತು, ಎಂದೇ?
ತೋಚದೆ ಹಾಗೇ ಬಿಟ್ಟೆ.
ಗೆರೆ ಸ್ವಲ್ಪ ಸೊಟ್ಟ.

ತಿಂಗಳ ವರದಿಯ ಫಾರಮ್ಮಿಗೆ ಇದು ಹಿಡಿಸುವುದಿಲ್ಲ;
ಅಲ್ಲಿ ಅಂಕಿಗಷ್ಟೇ ಜಾಗ.
ಮೇ ಒಂಬತ್ತು: ೨೩೧.
ಮೇ ಇಪ್ಪತ್ತು: ೨೪೮. (ನಾಲ್ಕರಲ್ಲಿ: ಆ ಹುಡುಗಿ ಅಕ್ಕನ ಹಾಡು ಗುನುಗಿದಳು.)
ಜೂನ್ ಎರಡು: ೧೬೪. ತೋರ್ತಿಯಾ ಎರಡು, ಬೀನ್ಸ್.
ನಾಲ್ಕರಲ್ಲಿ:
ಅವಳ ಶೂ ಹಾಕಿಕೊಂಡು ನಡೆದೇ ಬಂದೆ.

ಬಗ್ಗಿ ನೋಡಿದೆ. ಕಂದು ಬಣ್ಣ, ಹಿಮ್ಮಡಿ ಸವೆದದ್ದು,
ಎರಡು ಬೆರಳು ದೊಡ್ಡದು.
ಸಕ್ಕರೆಯವರು ಅಳತೆ ತಪ್ಪಿದ ಶೂ ಹಾಕಬಾರದು,
ಉಜ್ಜಿ ಹುಣ್ಣಾದೀತು, ಮಾಯದು.
ಗೋಡೆಯ ಮೇಲೆ ಚಿತ್ರ ಸಮೇತ ಬರೆದಿದೆ.
ಹೇಳಬೇಕಿತ್ತು.

ಬಿಚ್ಚು ಅಂದೆ.
ಪಾದ ತಿರುಗಿಸಿ ನೋಡಿದೆ, ಗಾಯವಿಲ್ಲ.
ಡಬ್ಬಿಯಿಂದ ಹತ್ತಿ ಕಿತ್ತು
ಶೂವಿನ ಮೂತಿಗೆ ತುರುಕಿದೆ,
ಇನ್ನಷ್ಟು, ಇನ್ನೊಂದಿಷ್ಟು.
‘ಈಗ ಹಾಕಿ ನೋಡು.’